ಸುಮ್ಮನೆ ನಿಂತು ನೋಡುವವರಿಗೂ ಪಾಠ

ಶಾಲೆಯ ಅಂಗಳದಲ್ಲಿ ಬಲವಾದ ಮಗು ಮೆತ್ತಗಿನ ಮಗುವನ್ನು ಕಾಡಿಸುವುದು ಶಾಲೆಯಷ್ಟೇ ಹಳೆಯ ಸಂಗತಿ. ಅದು ಹುಡುಗಾಟವಲ್ಲ, ಹಿಂಸೆ ಎಂಬ ತಿಳಿವಳಿಕೆ ಮಾತ್ರ ತೀರ ಈಚಿನದು. 1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ಇದಕ್ಕೆ ‘ಮಾಬಿಂಗ್’ ಎಂಬ ಹೆಸರು ಬಳಸಿದರು. ಗುಂಪು ಸೇರಿ ಒಬ್ಬನ ಮೇಲೆ ಎರಗುವುದು ಎಂದು ಇದರ ಭಾವ. ಅದೇ ದೇಶದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಇದನ್ನು ಪೂರ್ತಿ ಒಪ್ಪಲಿಲ್ಲ. ಅವರು ಕಂಡಂತೆ ಪೀಡಿಸುವವರು ಸಾಮಾನ್ಯವಾಗಿ ಇಬ್ಬರೋ ಮೂವರೋ ಅಷ್ಟೆ.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಜೊತೆಯವರ ಕಾಟವೇ ಕಾರಣವಿರಬೇಕೆಂಬ ಸುದ್ದಿ ನಾಡನ್ನೇ ಕಲಕಿತು. ಮರುವರ್ಷ ಸರ್ಕಾರ ದೇಶದಾದ್ಯಂತ ಆಂದೋಲನ ಹೂಡಿತು. ಆ ಹೊತ್ತಿಗೆ ನಾರ್ವೆಯ ಬರ್ಗೆನ್ ನಗರದಲ್ಲಿ ನೆಲೆಸಿದ್ದ ಓಲ್ವೇಯಸ್ ಅಲ್ಲಿನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದರು.

ಮಕ್ಕಳ ಮುಂದಿಟ್ಟ ನಿಯಮಗಳು ಸರಳವಾಗಿದ್ದವು. ಯಾರನ್ನೂ ಪೀಡಿಸಬಾರದು, ಪೀಡನೆಗೆ ಸಿಕ್ಕವರಿಗೆ ನೆರವಾಗಬೇಕು, ಒಂಟಿಯಾಗಿ ಉಳಿದವರನ್ನು ಆಟಕ್ಕೆ ಕರೆದುಕೊಳ್ಳಬೇಕು. ಮೊದಲನೆಯದು ಯಾವ ಮೇಷ್ಟರಾದರೂ ಹೇಳುವಂಥದೇ. ಹೊಸತನವಿದ್ದದ್ದು ಉಳಿದೆರಡರಲ್ಲಿ. ಅವು ನೋಡುತ್ತ ನಿಂತ ಮಕ್ಕಳಿಗೆ ಹೇಳಿದ ಮಾತುಗಳು. ‘ನೆರವಾಗು’ ಎಂದು ಬಾಯಲ್ಲಿ ಹೇಳುವುದು ಸುಲಭ, ಹೇಗೆ ನೆರವಾಗಬೇಕೆಂಬುದು ಮಗುವಿಗೆ ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಅದಕ್ಕಾಗಿ ತರಗತಿಯಲ್ಲೇ ಆಗಾಗ ಸಭೆ, ಚರ್ಚೆ, ಚಿಕ್ಕ ಪ್ರಸಂಗಗಳ ಅಭಿನಯ. ಜೊತೆಗೆ, ಬಿಡುವಿನ ವೇಳೆಯಲ್ಲಿ ಅಧ್ಯಾಪಕರು ಅಂಗಳದಲ್ಲಿ ಇರಲೇಬೇಕು.

ಬರ್ಗೆನ್ನಿನಲ್ಲಿ ಪೀಡನೆ ಅರ್ಧಕ್ಕರ್ಧ ಇಳಿಯಿತು. ಆದರೆ ಅದೇ ಆಂದೋಲನ ನಡೆದ ರೋಗಲಾಂಡ್ ಪ್ರಾಂತದಲ್ಲಿ, ಮೂರು ವರ್ಷಗಳ ನಂತರ ಎರ್ಲಿಂಗ್ ರೋಲಾಂಡ್ ಲೆಕ್ಕ ತೆಗೆದಾಗ ಅಂಥ ಫಲ ಕಾಣಲಿಲ್ಲ. ಪುಸ್ತಿಕೆ, ವಿಡಿಯೋ ಕ್ಯಾಸೆಟ್ ಅಲ್ಲಿಗೂ ತಲುಪಿದ್ದವು. ಬರ್ಗೆನ್ನಿನ ಶಾಲೆಗಳಿಗೆ ಸಂಶೋಧಕರ ಒಡನಾಟವಿತ್ತು. ಸಮೀಕ್ಷೆಯಲ್ಲಿ ತಮ್ಮ ಮಕ್ಕಳೇ ಕೊಟ್ಟ ಉತ್ತರಗಳು ಅಲ್ಲಿನ ಅಧ್ಯಾಪಕರ ಕೈಸೇರಿದ್ದವು. ರೋಗಲಾಂಡಿನ ಶಾಲೆಗಳನ್ನು ಬಹುಮಟ್ಟಿಗೆ ಅವುಗಳ ಪಾಡಿಗೆ ಬಿಡಲಾಗಿತ್ತು.

1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಾಲೆಗಳಲ್ಲಿ ಕಲಿಸಬೇಕಾದ ‘ಜೀವನ ಕೌಶಲ’ಗಳನ್ನು ಹೆಸರಿಸಿತು. ಪರರ ನೋವನ್ನು ಅರಿಯುವುದು, ಭಾವೋದ್ವೇಗವನ್ನು ನಿಭಾಯಿಸುವುದು ಅವುಗಳಲ್ಲಿ ಸೇರಿವೆ. ಬೆಂಗಳೂರಿನ ನಿಮ್ಹಾನ್ಸ್ ಈ ಕೌಶಲಗಳ ಪಾಠಕ್ರಮವನ್ನು ಪ್ರೌಢಶಾಲೆಗಳಿಗಾಗಿ ರೂಪಿಸಿದಾಗ, ಪಾಠ ನಡೆಸುವ ಕೆಲಸವನ್ನು ಹೊರಗಿನ ತಜ್ಞರಿಗೆ ವಹಿಸಲಿಲ್ಲ. ಆಯಾ ಶಾಲೆಯ ಅಧ್ಯಾಪಕರಿಗೇ ತರಬೇತಿ ಕೊಟ್ಟಿತು.