ಕಡತ ಒರೆಸುವ ಕಥೆ

ಬೊಮ್ಮನಹಳ್ಳಿಯ ಒಂದು ಪಿಜಿಯಲ್ಲಿ, 2014ರ ಒಂದು ರಾತ್ರಿ, ಎರಡು ದಿನದ ಕೆಲಸವನ್ನು ನನ್ನ ಕೈಯಾರೆ ಅಳಿಸಿ ಹಾಕಿದೆ. ಒಂದೇ ಒಂದು ಫೈಲನ್ನು ಮೊದಲಿನಂತೆ ಮಾಡೋಣ ಅಂತ ಹೊರಟವನು, ಫೈಲಿನ ಹೆಸರು ಟೈಪ್ ಮಾಡಲು ಸೋಮಾರಿತನವಾಗಿ ‘ಗಿಟ್ ಚೆಕ್‌ಔಟ್’ ಮುಂದೆ ಬರೀ ಒಂದು ಚುಕ್ಕಿ ಇಟ್ಟು ಎಂಟರ್ ಒತ್ತಿದೆ. ಚುಕ್ಕಿ ಅಂದರೆ ಈ ಫೋಲ್ಡರಿನಲ್ಲಿರುವುದೆಲ್ಲ ಅಂತ ಅರ್ಥ. ಗಿಟ್ ಏನೂ ಕೇಳಲಿಲ್ಲ, ಏನೂ ಹೇಳಲೂ ಇಲ್ಲ. ಕರ್ಸರ್ ಮುಂದಿನ ಸಾಲಿಗೆ ಬಂದು ಮಿಣುಕುತ್ತಾ ನಿಂತಿತು. “ಕಂಟ್ರೋಲ್ ಝಡ್ ಒತ್ತು ಮಾರಾಯ” ಅಂದ ರೂಮ್‌ಮೇಟ್. ಎಡಿಟರ್ ತೆರೆದಿದ್ದರೆ ಅದೂ ನಡೀತಿತ್ತೋ ಏನೋ. ನಾನು ಅದನ್ನು ಆಗಲೇ ಮುಚ್ಚಿಬಿಟ್ಟಿದ್ದೆ. ಬೆಳಿಗ್ಗೆ ಹತ್ತಕ್ಕೆ ಡೆಮೋ.

ಅಳಿಸುವ ಮುಂಚೆ ಒಂದು ಮಾತು ಕೇಳಬಾರದಿತ್ತಾ? ಈ ಪ್ರಶ್ನೆ ಬಹಳ ದಿನ ತಲೆ ಕೊರೆಯಿತು. ಹುಡುಕುತ್ತಾ ಹೋದರೆ, ಕೇಳುತ್ತಿದ್ದ ಸಾಧನಗಳೂ ಇದ್ದವು ಅಂತ ಗೊತ್ತಾಯ್ತು.

ಅದಕ್ಕೆ ಮೊದಲು ಒಂದು ಹಳೇ ಮಾತು. ಕಂಪ್ಯೂಟರಿನ ಫೈಲಿಗೂ ಸರ್ಕಾರಿ ಕಚೇರಿಯ ಫೈಲಿಗೂ ಕನ್ನಡದಲ್ಲಿ ಕಡತ ಅನ್ನುತ್ತೇವೆ. ನಿಜವಾದ ಕಡತ ಕಾಗದದ್ದಲ್ಲ, ಬಟ್ಟೆಯದು. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ನಮ್ಮ ವರ್ತಕರು ಲೆಕ್ಕ ಇಡುತ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ನೂರಾರು ಸಿಕ್ಕಿವೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ವರ್ಣಿಸಿ, ಸ್ಲೇಟಿನ ಹಾಗೆ ಇದನ್ನೂ ಒರೆಸಿ ಮತ್ತೆ ಬರೆಯಬಹುದು ಅನ್ನುತ್ತಾನೆ. ಉಳಿಯಲೇಬೇಕಾದದ್ದನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಬೊಮ್ಮನಹಳ್ಳಿಗೆ ಹತ್ತಿರದಲ್ಲೇ, ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು 890ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಊರಿನ ಹೆಸರು ಇಷ್ಟು ಹಳೆಯದು ಅಂತ ನಮಗೆ ಗೊತ್ತಾಗಿದ್ದು ಆ ಕಲ್ಲಿನಿಂದ.

ಕಮಿಟ್ ಅಂದರೆ ಕಲ್ಲಿಗೆ ಹಾಕಿದ್ದು. ಕಮಿಟ್ ಮಾಡದ್ದು ಇನ್ನೂ ಕಡತದ ಮೇಲಿನ ಬಳಪದ ಬರಹ. ಪ್ರಶ್ನೆ ಇರುವುದು, ಒರೆಸುವ ಬಟ್ಟೆ ಯಾರ ಕೈಯಲ್ಲಿ, ಎಷ್ಟು ಸುಲಭಕ್ಕೆ ಸಿಗಬೇಕು ಅನ್ನೋದರಲ್ಲಿ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ‘ಎಸ್‌ಸಿಸಿಎಸ್’ ಬರೆದರು. ಪ್ರೋಗ್ರಾಮಿನ ಹಳೇ ಆವೃತ್ತಿಗಳನ್ನೆಲ್ಲ ಕಾಪಾಡುವ ಮೊದಲ ಸಾಧನಗಳಲ್ಲಿ ಅದು ಮುಖ್ಯವಾದದ್ದು. ಅದರಲ್ಲಿ ತಿದ್ದಲು ಫೈಲ್ ಪಡೆಯುವುದು ‘ಗೆಟ್’, ಬೇಡವೆಂದರೆ ‘ಅನ್‌ಗೆಟ್’. ಅನ್‌ಗೆಟ್ ಮಾಡಿದರೆ ನೀವು ತಿದ್ದುತ್ತಿದ್ದ ಪ್ರತಿಯೂ ಹೋಗುತ್ತಿತ್ತು. ಆದರೆ ಹೆಸರೇ ಹೇಳುತ್ತಿತ್ತು, ಇದು ವಾಪಸ್ ಕೊಡುವ ಕೆಲಸ ಅಂತ. ಎಂಬತ್ತರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಮಾಡಿದ ‘ಆರ್‌ಸಿಎಸ್’ ಇನ್ನೂ ಸಂಭಾವಿತ. ನೀವು ತಿದ್ದುತ್ತಿರುವ ಫೈಲಿನ ಮೇಲೆ ಹಳೆಯದನ್ನು ತರಲು ಹೋದರೆ, ಇಲ್ಲೊಂದು ಫೈಲ್ ಇದೆ, ತೆಗೆದುಬಿಡಲಾ ಅಂತ ಕೇಳುತ್ತಿತ್ತು. ಸುಮ್ಮನೆ ಎಂಟರ್ ಒತ್ತಿದರೆ ‘ಬೇಡ’ ಅಂತಲೇ ಲೆಕ್ಕ. ನನ್ನಂಥ ಸೋಮಾರಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು!

1986ರಲ್ಲಿ ಡಿಕ್ ಗ್ರೂನ್ ಶುರುಮಾಡಿದ ‘ಸಿವಿಎಸ್’ನಲ್ಲಿ ಬಹಳ ಜನ ಫೈಲನ್ನು ಡಿಲೀಟ್ ಮಾಡಿ, ಮತ್ತೆ ‘ಅಪ್‌ಡೇಟ್’ ಕೊಡುತ್ತಿದ್ದರು. ಇದಕ್ಕೆಂದೇ ಮುಂದೆ ಒಂದು ಆಯ್ಕೆ ಸೇರಿಸಿದಾಗ, ನೀವು ತಿದ್ದಿದ್ದನ್ನು ಪಕ್ಕದಲ್ಲೇ ಬೇರೆ ಹೆಸರಲ್ಲಿ ಎತ್ತಿಡುವ ಏರ್ಪಾಡನ್ನೂ ಮಾಡಿದರು. 2004ರಲ್ಲಿ 1.0 ಆವೃತ್ತಿ ಕಂಡ ‘ಸಬ್‌ವರ್ಷನ್’ ‘ರಿವರ್ಟ್’ ಅಂತ ಹೆಸರಿಟ್ಟಿತು. ಯಾವ ಫೈಲ್ ಅಂತ ಹೇಳದಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಚುಕ್ಕಿ ಕೊಟ್ಟರೂ ಒಳಗಿನ ಫೋಲ್ಡರುಗಳಿಗೆ ಇಳಿಯುವುದಿಲ್ಲ, ಅದನ್ನು ಬೇರೆಯಾಗಿ ಹೇಳಬೇಕು.

ಆಮೇಲೆ ಬಂದದ್ದು ಗಿಟ್. ಲಿನಕ್ಸ್ ಬಳಗ ಉಚಿತವಾಗಿ ಬಳಸುತ್ತಿದ್ದ ‘ಬಿಟ್‌ಕೀಪರ್’ ಕೈತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಕಟ್ಟಿ ನಿಲ್ಲಿಸಿದ್ದು ಇದು. ವೇಗ ಮುಖ್ಯ, ಬಳಸುವವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತೆ ಅನ್ನೋ ನಂಬಿಕೆ ಅದರ ಮೈಯಲ್ಲೇ ಇತ್ತು. ಬೇರೆ ಶಾಖೆಗೆ ಹೋಗುವುದಕ್ಕೂ ‘ಚೆಕ್‌ಔಟ್’, ತಿದ್ದಿದ್ದನ್ನು ಅಳಿಸುವುದಕ್ಕೂ ‘ಚೆಕ್‌ಔಟ್’. ತಮಾಷೆ ನೋಡಿ: ಶಾಖೆ ಬದಲಿಸುವಾಗ ನಿಮ್ಮ ತಿದ್ದುಪಡಿ ಹಾಳಾಗುವಂತಿದ್ದರೆ ಅದೇ ಚೆಕ್‌ಔಟ್ ತಡೆದು ನಿಲ್ಲಿಸುತ್ತೆ. ಫೈಲಿನ ಹೆಸರು ಕೊಟ್ಟರೆ ಮಾತ್ರ ಮರುಮಾತಿಲ್ಲದೆ ಒರೆಸುತ್ತೆ. ಅದೇ ಏಪ್ರಿಲ್‌ನಲ್ಲಿ, ಅದೇ ಕಾರಣಕ್ಕೆ ಮ್ಯಾಟ್ ಮ್ಯಾಕಾಲ್ ಶುರುಮಾಡಿದ ‘ಮರ್ಕ್ಯುರಿಯಲ್’ ಅಳಿಸುವ ಮೊದಲು ಒಂದು ಪ್ರತಿ ಎತ್ತಿಡುವ ಪದ್ಧತಿ ಇಟ್ಟುಕೊಂಡಿತು. ಗೆದ್ದದ್ದು ಮಾತ್ರ ಗಿಟ್.

ಗಿಟ್ ಕೂಡ ನಿಧಾನಕ್ಕೆ ಕಲಿಯಿತು. ಅಳಿಸದೆ ಪಕ್ಕಕ್ಕೆ ಎತ್ತಿಡುವ ‘ಸ್ಟ್ಯಾಶ್’ 2007ರಲ್ಲಿ ಬಂತು. 2019ರ ಆಗಸ್ಟ್‌ನ 2.23 ಆವೃತ್ತಿಯಲ್ಲಿ ಚೆಕ್‌ಔಟಿನ ಎರಡು ಕೆಲಸಗಳಿಗೆ ಎರಡು ಹೊಸ ಹೆಸರು ಬಂದವು: ಶಾಖೆಗೆ ‘ಸ್ವಿಚ್’, ಫೈಲಿಗೆ ‘ರಿಸ್ಟೋರ್’. ಹೆಸರು ಸರಿಹೋಯ್ತು, ಗುಣ ಬದಲಾಗಲಿಲ್ಲ. ರಿಸ್ಟೋರ್ ಕೂಡ ಕೇಳದೆಯೇ ಒರೆಸುತ್ತೆ. ಆದರೆ ಒಮ್ಮೆ ‘ಆ್ಯಡ್’ ಮಾಡಿದ್ದರೆ ಅದರ ಪ್ರತಿ ಗಿಟ್‌ನ ಹೊಟ್ಟೆಯಲ್ಲಿ ಕೆಲಕಾಲ ಇರುತ್ತೆ, ‘ಎಫ್‌ಎಸ್‌ಸಿಕೆ’ ಹಾಕಿ ಕೆದಕಿದರೆ ಸಿಗಬಹುದು. ನಾನು ಆ್ಯಡ್ ಕೂಡ ಮಾಡಿರಲಿಲ್ಲ.

ಆ ರಾತ್ರಿ ನಾಲ್ಕರವರೆಗೆ ಕೂತು ಎಲ್ಲಾ ಮತ್ತೆ ಬರೆದೆ. ಡೆಮೋ ಆಯ್ತು. ಮೂರು ತಿಂಗಳ ನಂತರ ಒಂದು ಬಗ್ ಬಂತು: ಗ್ರಾಹಕನ ಹೆಸರು ಖಾಲಿ ಇದ್ದರೆ ಪ್ರೋಗ್ರಾಮ್ ಬೀಳುತ್ತಿತ್ತು. ಮೊದಲ ಸಲ ಬರೆದಾಗ ಅದನ್ನು ನೋಡಿಕೊಂಡಿದ್ದೆ, ಎರಡನೇ ಸಲ ನಿದ್ದೆಗಣ್ಣಲ್ಲಿ ಮರೆತಿದ್ದೆ. “ಇದು ನಿನಗೆ ಹೊಳೀಲೇ ಇಲ್ವಾ?” ಅಂತ ಮ್ಯಾನೇಜರ್ ಕೇಳಿದರು. ಹೊಳೆದಿತ್ತು ಸಾರ್ ಅಂದರೆ ತೋರಿಸೋಕೆ ಏನಿತ್ತು? ಗಿಟ್ ಲಾಗ್‌ನಲ್ಲಿ ಇದ್ದದ್ದು ಮುಂಜಾನೆ ನಾಲ್ಕರ ಒಂದೇ ಕಮಿಟ್. ತಪ್ಪಾಯ್ತು ಅಂದು ತಿದ್ದಿಕೊಟ್ಟೆ.

ಈಗ ಹೊಸದಾಗಿ ಸೇರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಊಟಕ್ಕೆ ಏಳುವ ಮುಂಚೆ ಒಂದು ಕಮಿಟ್ ಮಾಡ್ರಪ್ಪಾ, ಅರ್ಧಂಬರ್ಧ ಇದ್ದರೂ ಪರವಾಗಿಲ್ಲ. ಚುಕ್ಕಿ ಇಡುವ ಮುಂಚೆ ‘ಗಿಟ್ ಡಿಫ್’ ಹೊಡೆದು, ಏನೇನು ಹೋಗುತ್ತೆ ಅಂತ ಒಮ್ಮೆ ಕಣ್ಣಾಡಿಸಿ. ಅದು ಕೇಳೋದಿಲ್ಲ, ನಾವೇ ಕೇಳಿಕೊಳ್ಳಬೇಕು.