ಮನೆಯ ಅಂತರ್ಜಾಲ ಸಂಪರ್ಕದ ಹಂಚಿಕೆ

ಮನೆಗೆ ಬರುವ ಒಂದೇ ಅಂತರ್ಜಾಲ ಸಂಪರ್ಕವನ್ನು ಎರಡು ಅಥವಾ ಹೆಚ್ಚು ಕಂಪ್ಯೂಟರ್‌ಗಳು ಏಕಕಾಲದಲ್ಲಿ ಬಳಸಲು ಅನುವು ಮಾಡುವ ವ್ಯವಸ್ಥೆ. ಈಗ ವೈಫೈ ಪೆಟ್ಟಿಗೆಯೊಂದು ಮಾಡುವ ಈ ಕೆಲಸಕ್ಕೆ 1990ರ ದಶಕದಲ್ಲಿ ವಿಶೇಷ ತಂತ್ರಾಂಶವೂ ಸಾಕಷ್ಟು ತಿಳಿವಳಿಕೆಯೂ ಬೇಕಿದ್ದವು. ಇದರ ಚರಿತ್ರೆಯನ್ನು ಐಪಿ ವಿಳಾಸಗಳ, ಅಂದರೆ ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಸಂಖ್ಯೆಗಳ, ಕೊರತೆಯಿಂದ ವಿವರಿಸುವುದು ವಾಡಿಕೆ. ತಂತ್ರ ಹುಟ್ಟಿದ್ದು ಆ ಕೊರತೆಯಿಂದಲೇ. ಆದರೆ ಅದನ್ನು ಮನೆಮನೆಗೆ ಒಯ್ದದ್ದು ಬೇರೊಂದು ಒತ್ತಾಯ. ನೀರು, ವಿದ್ಯುತ್ತಿನಂತೆ ಅಂತರ್ಜಾಲಕ್ಕೂ ಮನೆಗೊಂದೇ ಬಿಲ್ಲು ಸಾಕು, ಒಳಗೆ ಎಷ್ಟು ಯಂತ್ರಗಳಿವೆ ಎಂಬುದು ಮನೆಯವರಿಗೆ ಬಿಟ್ಟದ್ದು ಎಂಬ ಜನರ ನಿಲುವೇ ಆ ಒತ್ತಾಯ.

1981ರಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯ ಅಂತರ್ಜಾಲ ನಿಯಮಾವಳಿಯಲ್ಲಿ ಪ್ರತಿ ವಿಳಾಸಕ್ಕೆ 32 ಬಿಟ್‌ಗಳು, ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಇವು ಸಾಲವೆಂಬುದು 1990ರ ದಶಕದ ಆರಂಭದಲ್ಲೇ ಅರಿವಿಗೆ ಬಂತು. 1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ ವಿಳಾಸ ಬದಲಾವಣೆಯ ವಿಧಾನವನ್ನು, ಅಂದರೆ ನ್ಯಾಟ್ ಅನ್ನು, ವಿವರಿಸಿದರು. ಶಾಶ್ವತ ಪರಿಹಾರ ಸಿಗುವವರೆಗಿನ ತಾತ್ಕಾಲಿಕ ಏರ್ಪಾಡು ಎಂದೇ ಅವರು ಅದನ್ನು ಮುಂದಿಟ್ಟರು. 1996ರ ಆರ್‌ಎಫ್‌ಸಿ 1918, 192.168ರಿಂದ ಶುರುವಾಗುವ 65,536 ವಿಳಾಸಗಳನ್ನೂ ಇನ್ನೆರಡು ಗುಂಪುಗಳನ್ನೂ ಖಾಸಗಿ ಜಾಲಗಳಿಗೆ ಮೀಸಲಿಟ್ಟಿತು. ಮನೆಗಳಿಗೆ ಒದಗಿದ್ದು ವಿಳಾಸದ ಜೊತೆ, ಯಂತ್ರದ ಒಂದೊಂದು ಸಂಪರ್ಕವನ್ನು ಗುರುತಿಸುವ ಪೋರ್ಟ್ ಸಂಖ್ಯೆಯನ್ನೂ ಬದಲಿಸುವ ರೂಪ. 192.168.0.2 ಮತ್ತು 192.168.0.3 ಎಂಬ ಎರಡು ಯಂತ್ರಗಳು ತಮ್ಮ ತಮ್ಮ 1025ನೆಯ ಪೋರ್ಟಿನಿಂದ ಒಂದೇ ಜಾಲತಾಣವನ್ನು ಕೇಳಿದವು ಎನ್ನೋಣ. ನಡುವಿನ ಯಂತ್ರ ಎರಡು ಕೋರಿಕೆಗಳಿಗೂ ತನ್ನ ಸಾರ್ವಜನಿಕ ವಿಳಾಸವನ್ನೇ ಹಾಕಿ, ಒಂದಕ್ಕೆ 61000, ಇನ್ನೊಂದಕ್ಕೆ 61001 ಎಂಬ ಪೋರ್ಟ್ ಕೊಟ್ಟು, ಅದನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. 61001ಕ್ಕೆ ಉತ್ತರ ಬಂದಾಗ ಪಟ್ಟಿ ನೋಡಿ ಎರಡನೆಯ ಯಂತ್ರಕ್ಕೆ ದಾಟಿಸುತ್ತದೆ. ಒಂದೇ ಬಾಗಿಲ ಸಂಖ್ಯೆಯ ವಠಾರಕ್ಕೆ ಬಂದ ಕಾಗದವನ್ನು ಹೆಸರು ನೋಡಿ ಆಯಾ ಮನೆಗೆ ಮುಟ್ಟಿಸುವಂಥ ಕೆಲಸವಿದು.

ಮನೆಗಳಲ್ಲಿ ಈ ಕೆಲಸಕ್ಕೆ ಮೊದಲು ನಿಂತದ್ದು ಕಂಪ್ಯೂಟರೇ. ನ್ಯೂಜಿಲೆಂಡಿನ ವಿನ್‌ಗೇಟ್ ತಂತ್ರಾಂಶ, ಲಿನಕ್ಸ್‌ನ ಐಪಿ ಮಾಸ್ಕರೇಡಿಂಗ್ 1990ರ ದಶಕದ ಮಧ್ಯದಲ್ಲೇ ಬಳಕೆಗೆ ಬಂದಿದ್ದವು. 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಈ ಸೌಲಭ್ಯವನ್ನು ಸೇರಿಸಿತು. ಮೋಡೆಮ್ ಇರುವ ಕಂಪ್ಯೂಟರ್ 192.168.0.1 ಎಂಬ ವಿಳಾಸ ತಾಳಿ ಎರಡನೆಯದಕ್ಕೆ ಬಾಗಿಲಾಗುತ್ತಿತ್ತು. ಎರಡನ್ನು ನೇರವಾಗಿ ಜೋಡಿಸಲು ಆಗ ಕ್ರಾಸ್‌ಓವರ್ ಕೇಬಲ್ ಬೇಕಿತ್ತು. ಒಂದರ ಕಳಿಸುವ ತಂತಿಗಳು ಇನ್ನೊಂದರ ಪಡೆಯುವ ತಂತಿಗಳಿಗೆ ಸೇರುವಂತೆ ಅದರ ಒಂದು ತುದಿಯಲ್ಲಿ 1 ಮತ್ತು 3, 2 ಮತ್ತು 6ನೆಯ ತಂತಿಗಳು ಅದಲು ಬದಲಾಗಿರುತ್ತವೆ. ಆದರೆ ಮೊದಲ ಕಂಪ್ಯೂಟರ್ ಆರಿಸಿದರೆ ಎರಡನೆಯದರ ಸಂಪರ್ಕವೂ ಹೋಗುತ್ತಿತ್ತು. ಈ ಅವಲಂಬನೆಯನ್ನು ತಪ್ಪಿಸಿದ್ದು ಸದಾ ಚಾಲನೆಯಲ್ಲಿರುವ ಪುಟ್ಟ ರೂಟರ್. ಅದೇ 1999ರಲ್ಲಿ ಆಪಲ್‌ನ ಏರ್‌ಪೋರ್ಟ್ ತಂತಿಯಿಲ್ಲದೆ ಹಂಚುವುದನ್ನು ತೋರಿಸಿತು. ಮುಂದಿನ ವರ್ಷಗಳಲ್ಲಿ ಲಿಂಕ್‌ಸಿಸ್‌ನಂಥ ಕಂಪನಿಗಳ ರೂಟರ್‌ಗಳು ಅಂಗಡಿಯ ಸಾಮಾನ್ಯ ಸರಕಾದವು.

ಕೊರತೆಯೊಂದೇ ಕಾರಣವಲ್ಲ ಎನ್ನಲು ಕಾಲಕ್ರಮವೇ ಆಧಾರ. ಜಾಗತಿಕ ಭಂಡಾರದ ಕೊನೆಯ ವಿಳಾಸಗುಚ್ಛಗಳು ಹಂಚಿಹೋದದ್ದು 2011ರ ಫೆಬ್ರವರಿಯಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಮನೆಗಳಲ್ಲಿ ಹಂಚಿಕೆ ಬೇರೂರಿತ್ತು. ಪ್ರತಿ ಗ್ರಾಹಕನಿಗೆ ಒಂದೇ ವಿಳಾಸ ಸಿಗುತ್ತಿದ್ದುದಕ್ಕೂ ಕೊರತೆಯೇ ಕಾರಣವಲ್ಲವೇ ಎಂಬ ಆಕ್ಷೇಪ ಏಳಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಅಮೆರಿಕದ ಕೆಲವು ಕೇಬಲ್ ಕಂಪನಿಗಳು ಎರಡನೆಯ ವಿಳಾಸವನ್ನು ತಿಂಗಳ ಶುಲ್ಕಕ್ಕೆ ಮಾರುತ್ತಿದ್ದವು. ವಿಳಾಸ ಸಿಗುತ್ತಿತ್ತು; ಅದಕ್ಕೆ ಬೇರೆ ದುಡ್ಡು ತೆರಲು ಜನ ಒಪ್ಪಲಿಲ್ಲ. ಹಂಚಿಕೆಯನ್ನು ಕರಾರಿನಲ್ಲೇ ನಿಷೇಧಿಸಿದ ಕಂಪನಿಗಳೂ ಇದ್ದವು. ಒಂದು ಯಂತ್ರದ ಬಳಕೆಗೆ ಹೊಂದಿಸಿದ ದರದಲ್ಲಿ ಹಲವು ಯಂತ್ರಗಳು ನಡೆದರೆ ತಮಗೆ ನಷ್ಟ ಎಂಬ ಅವರ ವಾದ ಪೂರ್ತಿ ಪೊಳ್ಳಲ್ಲ. ಆದರೂ ಬಳಕೆ ಹೆಚ್ಚಿದರೆ ಬಳಕೆಯನ್ನು ಅಳೆಯಬೇಕೇ ಹೊರತು ಮನೆಯೊಳಗಿನ ಯಂತ್ರಗಳನ್ನು ಎಣಿಸುವುದು ನ್ಯಾಯವಲ್ಲ. ಎಣಿಸುವುದು ಸುಲಭವೂ ಅಲ್ಲ: ನ್ಯಾಟ್‌ನ ಹಿಂದಿರುವ ಯಂತ್ರಗಳನ್ನು ಲೆಕ್ಕಹಾಕುವ ಜಾಣ ವಿಧಾನವೊಂದನ್ನು ಸ್ಟೀವನ್ ಬೆಲೊವಿನ್ 2002ರಲ್ಲಿ ಸಂಶೋಧನಾ ಪ್ರಬಂಧವಾಗಿಯೇ ಬರೆಯಬೇಕಾಯಿತು. ಕೊನೆಗೆ ಉದ್ಯಮವೂ ವೇಗ ಮತ್ತು ಡೇಟಾ ಪ್ರಮಾಣದ ಮೇಲೆ ದರ ಕಟ್ಟುವ ದಾರಿಗೆ ಬಂತು.

ಇನ್ನೂ ಗಂಭೀರವಾದ ಆಕ್ಷೇಪ ಜಾಲದ ವಿನ್ಯಾಸಕಾರರದು. ಯಾವ ಯಂತ್ರ ಬೇಕಾದರೂ ಇನ್ನಾವ ಯಂತ್ರವನ್ನಾದರೂ ನೇರವಾಗಿ ಸಂಪರ್ಕಿಸಬಹುದು ಎಂಬುದು ಅಂತರ್ಜಾಲದ ಮೂಲ ತತ್ತ್ವ. ನ್ಯಾಟ್ ಅದನ್ನು ಮುರಿಯುತ್ತದೆ. ಮನೆಯ ಯಂತ್ರ ಹೊರಗಿನವರನ್ನು ಕರೆಯಬಲ್ಲದು. ಹೊರಗಿನವರು ಕರೆದರೆ ಪಟ್ಟಿಯಲ್ಲಿ ನಮೂದಿಲ್ಲದ್ದರಿಂದ ಆ ಕರೆ ಬಾಗಿಲಲ್ಲೇ ನಿಲ್ಲುತ್ತದೆ. 2003ರಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು ಹರಡಿದಾಗ ಇದೇ ಲಕ್ಷಣ ರೂಟರ್‌ನ ಹಿಂದಿದ್ದ ಅನೇಕ ಕಂಪ್ಯೂಟರ್‌ಗಳನ್ನು ಕಾಯಿತು. ಆದರೆ ಧ್ವನಿಕರೆ, ಆಟ, ಸ್ವಂತ ಸರ್ವರ್ ನಡೆಸುವವರಿಗೆ ಅದೇ ತೊಡಕಾಯಿತು, ಅದನ್ನು ದಾಟಲೆಂದೇ ಸ್ಟನ್‌ನಂಥ ಉಪಾಯಗಳು ಹುಟ್ಟಿದವು. ಕೇಳಿ ಪಡೆಯುವುದು ಸುಲಭ, ಕರೆಗೆ ಸಿಗುವುದು ಕಷ್ಟ ಎಂಬ ಸ್ಥಿತಿಗೆ ಮನೆಗಳು ಬಂದವು. ಅಗ್ಗದ ಹಂಚಿಕೆಗೆ ತೆತ್ತ ಈ ಬೆಲೆ ಸಣ್ಣದಲ್ಲ.

ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಆರಂಭವಾದರೂ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದದ್ದು 2005ರಲ್ಲಿ. ಆ ಹೊತ್ತಿಗೆ ಮೋಡೆಮ್ ಮತ್ತು ರೂಟರ್ ಒಂದೇ ಪೆಟ್ಟಿಗೆಯೊಳಗೆ ಸೇರಿದ್ದವು. ಈಗ ಅಂತರ್ಜಾಲ ನಿಯಮಾವಳಿಯ ಆರನೆಯ ಆವೃತ್ತಿಯ 128 ಬಿಟ್ ವಿಳಾಸಗಳು ಮನೆಯ ಪ್ರತಿ ಸಾಧನಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಕೊಡಬಲ್ಲವು. ಕೊರತೆಯೊಂದೇ ಕಾರಣವಾಗಿದ್ದರೆ ಹಂಚಿಕೆಯ ಅಗತ್ಯವೂ ಅದರೊಂದಿಗೆ ತೀರಬೇಕಿತ್ತು. ಆದರೆ ಆರನೆಯ ಆವೃತ್ತಿಯಲ್ಲೂ ವಿಳಾಸಗಳ ಇಡೀ ಗುಚ್ಛ ಬರುವುದು ಮನೆಯ ರೂಟರ್‌ಗೆ. ಬಿಲ್ಲು ಬರುವುದೂ ಮನೆಗೊಂದೇ. ತಾತ್ಕಾಲಿಕವೆಂದು ಬಂದ ನ್ಯಾಟ್ ಒಂದು ದಿನ ಕಳಚಿಬಿದ್ದರೂ, ಅದರ ಆಸರೆಯಲ್ಲಿ ಸ್ಥಾಪಿತವಾದ ಈ ವ್ಯವಹಾರ ಉಳಿಯುತ್ತದೆ.