ಮನೆಗೆ ಬಂದ ಇಪ್ಪತ್ತೈದು ಡಾಲರ್

ಹೈಸ್ಕೂಲಿನ ಇತಿಹಾಸ ಪಾಠದಲ್ಲಿ 1929ರ ಆರ್ಥಿಕ ಮಹಾಕುಸಿತವನ್ನು ನಾವು ಶಿಕ್ಷಕರು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು, ‘ನ್ಯೂ ಡೀಲ್’ ಬಂತು. ಪರೀಕ್ಷೆಗೆ ಅಷ್ಟು ಸಾಕು. ಆ ನಾಲ್ಕು ಸಾಲುಗಳ ನಡುವೆ ಎಷ್ಟು ಮನೆಗಳ ಒಲೆ ತಣ್ಣಗಾಗಿತ್ತು ಎಂಬುದಕ್ಕೆ ಅಂಕಗಳಿಲ್ಲ.

1933ರ ಆರಂಭದಲ್ಲಿ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಹರೆಯದ ಹುಡುಗರು ಗೂಡ್ಸ್ ರೈಲು ಹತ್ತಿ ಊರಿಂದೂರಿಗೆ ಅಲೆಯುತ್ತಿದ್ದರು. ಮನೆಯಲ್ಲಿ ತಿನ್ನುವ ಬಾಯಿ ಒಂದು ಕಡಿಮೆಯಾಗಲಿ ಎಂದು ಹೊರಟವರೂ ಅವರಲ್ಲಿದ್ದರು. ನೆಲದ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮಿತಿಮೀರಿ ಮರ ಕಡಿದು ಗುಡ್ಡಗಳು ಬೋಳಾಗಿದ್ದವು. ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತಿತ್ತು, ಗಾಳಿಗೆ ಹಾರಿಹೋಗುತ್ತಿತ್ತು.

ಕೆಲಸವಿಲ್ಲದ ಕೈಗಳನ್ನೂ ಆರೈಕೆಯಿಲ್ಲದ ನೆಲವನ್ನೂ ಜೊತೆಗೂಡಿಸಿದ ಯೋಜನೆಯೇ ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’, ಚಿಕ್ಕದಾಗಿ ಸಿಸಿಸಿ. ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡದ್ದು 1933ರ ಮಾರ್ಚ್ 4ರಂದು. ಮಾರ್ಚ್ 31ಕ್ಕೆ ಕಾನೂನಿಗೆ ಸಹಿ ಬಿತ್ತು. ಏಪ್ರಿಲ್ 17ಕ್ಕೆ ವರ್ಜೀನಿಯಾದ ಕಾಡಿನಲ್ಲಿ ಮೊದಲ ಶಿಬಿರ ಶುರುವಾಯಿತು. ನಮ್ಮ ಕಡೆ ಶಾಲೆಯ ಒಂದು ಕಿಟಕಿಗೆ ಮಂಜೂರಾತಿ ಬರುವುದಕ್ಕೂ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ!

ಹದಿನೆಂಟರಿಂದ ಇಪ್ಪತ್ತೈದು ವರ್ಷದ ಅವಿವಾಹಿತ ಹುಡುಗರಿಗೆ ಅಲ್ಲಿ ಪ್ರವೇಶ. ಶಿಬಿರವೊಂದರಲ್ಲಿ ಸುಮಾರು ಇನ್ನೂರು ಜನ. ಊಟ, ಬಟ್ಟೆ, ವಸತಿ, ಔಷಧಿ ಎಲ್ಲ ಸರ್ಕಾರದ್ದು. ತಿಂಗಳಿಗೆ 30 ಡಾಲರ್ ಸಂಬಳ. ಆದರೆ ಸಾಮಾನ್ಯವಾಗಿ ಹುಡುಗನ ಕೈಗೆ ಸಿಗುತ್ತಿದ್ದದ್ದು ಐದೇ ಡಾಲರ್. ಉಳಿದ 25 ಡಾಲರ್ ನೇರವಾಗಿ ಅವನ ಮನೆಗೆ ಹೋಗುತ್ತಿತ್ತು.

ಈ ನಿಯಮ ಮಾಡಿದವರಿಗೆ ಸಂಸಾರದ ಅನುಭವವಿತ್ತೆಂದೇ ನನಗೆ ಅನ್ನಿಸುತ್ತದೆ. ತಿಂಗಳ ಮೊದಲ ವಾರದಲ್ಲಿ ಮನಿಆರ್ಡರಿಗಾಗಿ ಬಾಗಿಲು ಕಾಯುವ ತಾಯಂದಿರು ಯಾವ ದೇಶದಲ್ಲಿಲ್ಲ ಹೇಳಿ? ಆ ಹಣದಲ್ಲಿ ಬಾಡಿಗೆ ಕಟ್ಟಿ, ಅಂಗಡಿಯ ಸಾಲ ತೀರಿಸಿ, ಸಣ್ಣ ಮಕ್ಕಳಿಗೆ ಶೂ ಕೊಡಿಸಬೇಕಾಗಿತ್ತು. ಹುಡುಗ ಕಾಡಿನಲ್ಲಿ ಗುದ್ದಲಿ ಹಿಡಿದರೆ, ಊರಿನಲ್ಲಿ ತಾಯಿ ಆ ಇಪ್ಪತ್ತೈದು ಡಾಲರನ್ನು ತಿಂಗಳ ಕೊನೆಯವರೆಗೆ ಎಳೆಯಬೇಕಿತ್ತು. ಮೊದಲನೆಯದು ಸರ್ಕಾರದ ವರದಿಯಲ್ಲಿ ಸೇರಿತು. ಎರಡನೆಯದಕ್ಕೆ ಕಾಲಮ್ಮೇ ಇರಲಿಲ್ಲ.

ಹುಡುಗರು ಮಾಡಿದ ಕೆಲಸವೇನೂ ಸಣ್ಣದಲ್ಲ. ಒಂಬತ್ತು ವರ್ಷಗಳಲ್ಲಿ ಸುಮಾರು 300 ಕೋಟಿ ಗಿಡ ನೆಟ್ಟರು. ಕಾಡ್ಗಿಚ್ಚಿನೊಡನೆ ಹೋರಾಡಿದರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಇಂದಿಗೂ ಕಣ್ಣಿಗೆ ಕಾಣುವುದು ರಾಜ್ಯಗಳ ಉದ್ಯಾನಗಳು. ಉದ್ಯಾನವೆಂದರೆ ಹೂವಿನ ಪಾತಿಯಲ್ಲ. ಬೆಟ್ಟ, ಕಾಡು, ಕೆರೆಗಳು ಸೇರಿದ ವಿಶಾಲ ಪ್ರದೇಶ. ವರ್ಜೀನಿಯಾದಲ್ಲಿ ಸಿಸಿಸಿ ಹುಡುಗರು ಕಟ್ಟಿದ ಆರು ಉದ್ಯಾನಗಳು 1936ರ ಜೂನ್ 15ರಂದು ಒಂದೇ ದಿನ ಜನರಿಗೆ ತೆರೆದುಕೊಂಡವು. ಆ ರಾಜ್ಯದ ಉದ್ಯಾನ ವ್ಯವಸ್ಥೆಯೇ ಅಂದು ಹುಟ್ಟಿತು.

ಅವರು ಕಾಲುದಾರಿ ಕಡಿದರು, ತೊರೆಗಳಿಗೆ ಒಡ್ಡು ಹಾಕಿ ಸರೋವರ ಮಾಡಿದರು, ಆಯಾ ಸ್ಥಳದ ಕಲ್ಲು ಮರಗಳಿಂದಲೇ ಕುಟೀರ ಕಟ್ಟಿದರು. ಕಟ್ಟಡ ನೆಲದಿಂದ ತಾನೇ ಎದ್ದು ಬಂದಂತಿರಬೇಕು ಎಂಬುದು ಆ ಕಾಲದ ವಿನ್ಯಾಸಗಾರರ ಆಸೆ. ಬರಿಗೈಯಲ್ಲಿ ಬಂದ ಹುಡುಗರಿಗೆ ಸ್ಥಳೀಯ ಅನುಭವಿ ಕೆಲಸಗಾರರು ಕಲ್ಲು ಕೆತ್ತುವುದನ್ನು, ಮರಗೆಲಸವನ್ನು ಕಲಿಸಿಕೊಟ್ಟರು. ಟೆಕ್ಸಾಸಿನ ಬ್ಯಾಸ್ಟ್ರಾಪ್ ಉದ್ಯಾನದಲ್ಲಿ ಅವರು ಕುಟೀರಗಳ ಜೊತೆಗೆ ಪೀಠೋಪಕರಣಗಳನ್ನೂ ಮಾಡಿದರು. 2011ರ ಭೀಕರ ಕಾಡ್ಗಿಚ್ಚಿನಲ್ಲಿ ಆ ಉದ್ಯಾನದ ಬಹುಭಾಗ ಸುಟ್ಟುಹೋಯಿತು. ಅಗ್ನಿಶಾಮಕ ಸಿಬ್ಬಂದಿ ಹೋರಾಡಿ ಆ ಹಳೆಯ ಕುಟೀರಗಳನ್ನು ಉಳಿಸಿಕೊಂಡರು.

ಶಿಕ್ಷಕಿಯಾದ ನನಗೆ ಮೆಚ್ಚಿಗೆಯಾದದ್ದು ಸಂಜೆಯ ತರಗತಿಗಳು. ದಿನವಿಡೀ ದುಡಿದ ಹುಡುಗರು ರಾತ್ರಿ ಸ್ಲೇಟು ಪುಸ್ತಕ ಹಿಡಿದರು. 40,000ಕ್ಕೂ ಹೆಚ್ಚು ಜನ ಓದು ಬರಹ ಕಲಿತದ್ದು ಈ ಶಿಬಿರಗಳಲ್ಲೇ. ಮಗನ ಕೈಬರಹದ ಮೊದಲ ಕಾಗದ ಆ ಮನೆಗಳಿಗೆ ಇಪ್ಪತ್ತೈದು ಡಾಲರಿಗಿಂತ ದೊಡ್ಡದಾಗಿದ್ದಿರಬೇಕು.

ಎಲ್ಲವೂ ಬೆಳ್ಳಗಿತ್ತೆಂದು ತಿಳಿಯಬೇಡಿ. ಕಪ್ಪು ಜನಾಂಗದ ಸಂಸದ ಆಸ್ಕರ್ ಡಿ ಪ್ರೀಸ್ಟ್ ಅವರ ಒತ್ತಾಯದಿಂದ, ಜನಾಂಗ ಬಣ್ಣ ಮತಗಳ ಭೇದ ಕೂಡದೆಂದು ಕಾನೂನಿನಲ್ಲೇ ಬರೆದಿತ್ತು. ಆದರೂ 1935ರ ಹೊತ್ತಿಗೆ ಕಪ್ಪು ಹುಡುಗರಿಗೆ ಪ್ರತ್ಯೇಕ ಶಿಬಿರಗಳೇ ಆದವು.

ಇನ್ನು ಹೆಣ್ಣುಮಕ್ಕಳು? ಕಾನೂನು ಅವರನ್ನು ನೆನೆಸಿಕೊಳ್ಳಲೇ ಇಲ್ಲ. ಕೆಲಸ ಕಳೆದುಕೊಂಡವರಲ್ಲಿ ಟೈಪಿಸ್ಟರಿದ್ದರು, ಗಿರಣಿಯ ಹುಡುಗಿಯರಿದ್ದರು, ನನ್ನಂಥ ಶಿಕ್ಷಕಿಯರೂ ಇದ್ದರು. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಪಟ್ಟುಹಿಡಿದರು. ಅಮೆರಿಕದ ಸಚಿವ ಸಂಪುಟದ ಮೊದಲ ಮಹಿಳೆ, ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಬೆಂಬಲ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಉದ್ಯಾನದಲ್ಲಿ 1933ರ ಜೂನ್‌ನಲ್ಲಿ ‘ಕ್ಯಾಂಪ್ ಟೆರಾ’ ಎಂಬ ಮಹಿಳಾ ಶಿಬಿರ ತೆರೆಯಿತು. ಹುಡುಗಿಯರಿಗೇಕೆ ಕಾಡು ಎಂದು ನಕ್ಕವರು ಇದನ್ನು ‘ಶಿ-ಶಿ-ಶಿ’ ಎಂದು ಕರೆದರು. ಇಂಗ್ಲಿಷಿನಲ್ಲಿ ಶಿ ಎಂದರೆ ಅವಳು. ನಮ್ಮ ಕಿವಿಗಂತೂ ಅದು ಛೀ ಛೀ ಎಂದಂತೆಯೇ ಕೇಳಿಸುತ್ತದೆ.

ಹುಡುಗರಿಗೆ ಮೂವತ್ತು ಡಾಲರ್ ಸಂಬಳವಾದರೆ ಹುಡುಗಿಯರಿಗೆ ಸಿಕ್ಕಿದ್ದು ಕೆಲವು ವಾರಗಳ ಊಟ, ವಿಶ್ರಾಂತಿ, ತರಗತಿಗಳು, ಬಹಳವೆಂದರೆ ಪುಡಿಗಾಸು. ಉದ್ಯಾನ ಕಟ್ಟುವ ಕೆಲಸ ಅವರಿಗೆ ಕೊಡಲಿಲ್ಲ. ಹಾಗಾಗಿ ಮನೆಗೆ ಕಳಿಸಲು ಹಣವೂ ಇರಲಿಲ್ಲ. ಮಗನ ದುಡಿಮೆ ಮನೆಗೆ ಆಧಾರ, ಮಗಳದ್ದು ಬರೀ ಹೊರೆ ಎಂಬ ಹಳೆಯ ಲೆಕ್ಕ ಅಲ್ಲಿಯೂ ಬದಲಾಗಲಿಲ್ಲ. ಗಂಡುಮಕ್ಕಳ ಶಿಬಿರಗಳಲ್ಲಿ ದುಡಿದವರು ಸುಮಾರು 30 ಲಕ್ಷ. ಮಹಿಳಾ ಶಿಬಿರಗಳಿಗೆ ಬಂದವರು 8,500ರಷ್ಟು. 1937ರಲ್ಲಿ ಅವು ಮುಚ್ಚಿಹೋದವು.

ಆದರೂ ಆ ಕೆಲವು ವಾರಗಳು ವ್ಯರ್ಥವಾಗಲಿಲ್ಲ. ಕ್ಯಾಂಪ್ ಟೆರಾದಲ್ಲಿ ಆರೋಗ್ಯ ಸುಧಾರಿಸಿಕೊಂಡವರಲ್ಲಿ ಪೌಲಿ ಮರ್ರಿ ಎಂಬ ಬಡ ಕಪ್ಪು ಯುವತಿಯೊಬ್ಬಳಿದ್ದಳು. ಎಲಿನಾರ್ ರೂಸ್‌ವೆಲ್ಟರನ್ನು ಆಕೆ ಮೊದಲು ಕಂಡದ್ದು ಅಲ್ಲಿಯೇ. ಮುಂದೆ 1938ರಲ್ಲಿ ಆಕೆ ಬರೆದ ಪತ್ರದಿಂದ ಇಬ್ಬರ ದೀರ್ಘ ಸ್ನೇಹ ಬೆಳೆಯಿತು. ಪೌಲಿ ದೊಡ್ಡ ನ್ಯಾಯವಾದಿಯಾದರು. ಕಪ್ಪು ಜನರ ಹಕ್ಕಿಗೂ ಹೆಂಗಸರ ಹಕ್ಕಿಗೂ ಒಟ್ಟಿಗೇ ಹೋರಾಡಿದರು.

1942ರಲ್ಲಿ ಯುದ್ಧದ ನಡುವೆ ಸಿಸಿಸಿಗೆ ಹಣ ನಿಂತಿತು, ಶಿಬಿರಗಳು ಖಾಲಿಯಾದವು. 1976ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದೇ ಮಾದರಿಯಲ್ಲಿ ತನ್ನದೊಂದು ದಳ ಕಟ್ಟಿತು. ಈ ಸಲ ಹುಡುಗಿಯರಿಗೂ ಗುದ್ದಲಿ ಕೊಟ್ಟರು, ಸಂಬಳವನ್ನೂ ಕೊಟ್ಟರು. ಆ ದಳದಲ್ಲಿ ಇಂದೂ ಹುಡುಗಿಯರು ಉದ್ಯಾನಗಳಲ್ಲಿ ದಾರಿ ಕಡಿಯುತ್ತಾರೆ, ಬೆಂಕಿಗೆ ಎದುರಾಗುತ್ತಾರೆ. ಹುಡುಗಿಯರ ಕೈಯಲ್ಲಿ ಕಸುವಿಲ್ಲದ ಕಾಲ ಯಾವುದೂ ಇರಲಿಲ್ಲ. ಆ ಕೈಯ ಕೆಲಸವನ್ನು ಕೆಲಸವೆಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಲು ಮಾತ್ರ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.